ಬೇಕು-ಬೇಡಗಳ ಲೆಕ್ಕ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ‘ಸರಳ ಜೀವನ ಮತ್ತು ಸಹಕಾರ’ ಎಂಬ ವಿಷಯದ ಮೇಲೆ ನಾಲ್ಕು ಮಾತಾಡಬೇಕು ಅಂತ ಕಾರ್ಯದರ್ಶಿಗಳು ಹೇಳಿಕಳಿಸಿದರು. ಸಂತೋಷದಿಂದ ಒಪ್ಪಿಕೊಂಡೆ. ಆದರೆ ನಿಮ್ಮಲ್ಲಿ ಕೆಲವರಿಗೆ, “ಸಾಲ ಕೊಡೋ ಸಂಘದ ಹಬ್ಬದಲ್ಲಿ ಸರಳ ಜೀವನದ ಉಪನ್ಯಾಸ ಯಾಕಪ್ಪಾ? ಮೇಷ್ಟ್ರು ನಮಗೆಲ್ಲ ಕಾವಿ ಉಡಿಸೋಕೆ ಬಂದಿದ್ದಾರೇನೋ” ಅಂತ ಅನ್ನಿಸಬಹುದು. ಹೆದರಬೇಡಿ. ಕಾಡಿಗೆ ಹೋಗಿ ಗೆಡ್ಡೆ ಗೆಣಸು ತಿಂದುಕೊಂಡಿರಿ ಎಂದು ನಾನು ಹೇಳುವುದಿಲ್ಲ. ಇವತ್ತು ನಾನು ಹೇಳಹೊರಟಿರುವುದು ಒಂದು ಲೆಕ್ಕ. ಲೆಕ್ಕ ಅಂದರೆ ಸಂಘದವರಿಗೆ ಪ್ರೀತಿ ತಾನೇ?

ನಮ್ಮ ದೇಶದಲ್ಲಿ ಸಹಕಾರ ಸಂಘಗಳ ಕಾನೂನು ಬಂದದ್ದು 1904ರಲ್ಲಿ. ಮಾರನೆಯ ವರ್ಷವೇ, 1905ರಲ್ಲಿ, ನಮ್ಮ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಇಡೀ ದೇಶಕ್ಕೇ ಅದು ಇಂಥ ಮೊದಲ ಸಂಘ ಎಂಬ ಹೆಮ್ಮೆ ಕನ್ನಡನಾಡಿನದು. ರೈತ ಸಾಹುಕಾರನ ಮನೆ ಜಗಲಿಯ ಮೇಲೆ ಕೈಕಟ್ಟಿಕೊಂಡು ಕೂರಬಾರದು, ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಎಂಬುದು ಅದರ ಉದ್ದೇಶ.

ಅದೇ 1904ರಲ್ಲಿ, ಸಮುದ್ರದಾಚೆ ದಕ್ಷಿಣ ಆಫ್ರಿಕಾದಲ್ಲಿ, ವಕೀಲಿ ಮಾಡುತ್ತಿದ್ದ ಗಾಂಧೀಜಿ ಡರ್ಬನ್ನಿನ ಹತ್ತಿರ ಫೀನಿಕ್ಸ್ ಎಂಬಲ್ಲಿ ಸುಮಾರು ನೂರು ಎಕರೆ ಜಮೀನು ತೆಗೆದುಕೊಂಡು, ದುಡಿದು ತಿನ್ನುವವರ ಒಂದು ನೆಲೆ ಕಟ್ಟಿದರು. ರಸ್ಕಿನ್ ಎಂಬ ಇಂಗ್ಲಿಷ್ ಲೇಖಕನ ಪುಸ್ತಕವನ್ನು ರೈಲಿನಲ್ಲಿ ಓದಿ ಮಾಡಿದ ತೀರ್ಮಾನ ಅದು. ಆರು ವರ್ಷದ ನಂತರ, 1910ರಲ್ಲಿ, ಜೊಹಾನ್ಸ್‌ಬರ್ಗಿನ ಹತ್ತಿರ ಇನ್ನೊಂದು ನೆಲೆ ಶುರುವಾಯಿತು. ಅದೇ ಟಾಲ್‌ಸ್ಟಾಯ್ ಫಾರ್ಮ್. ಇವತ್ತು ಅದರ ಕಥೆಯನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಸರಳವಾಗಿ ಬದುಕುವುದು ಯಾತಕ್ಕೆ ಎಂಬ ಪ್ರಶ್ನೆಗೆ ಅಲ್ಲಿ ಸ್ಪಷ್ಟ ಉತ್ತರ ಸಿಗುತ್ತದೆ.

ಆಗ ಅಲ್ಲಿನ ಟ್ರಾನ್ಸ್‌ವಾಲ್ ಸರ್ಕಾರ, ಭಾರತೀಯರೆಲ್ಲ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕು, ಕೇಳಿದಾಗ ಚೀಟಿ ತೋರಿಸಬೇಕು ಎಂಬ ಕಾನೂನು ತಂದಿತ್ತು. ಅದನ್ನು ವಿರೋಧಿಸಿ 1906ರಿಂದ ಸತ್ಯಾಗ್ರಹ ನಡೆಯುತ್ತಿತ್ತು. ಜನ ಜೈಲಿಗೆ ಹೋಗುವುದು, ಬಿಡುಗಡೆಯಾಗಿ ಬರುವುದು, ಮತ್ತೆ ಹೋಗುವುದು. ಗಂಡಸು ಜೈಲಿಗೆ ಹೋದರೆ ಮನೆಯವರ ಹೊಟ್ಟೆಗೇನು? ಪ್ರತಿ ಕುಟುಂಬಕ್ಕೂ ಅದರ ಅಗತ್ಯ ನೋಡಿ ತಿಂಗಳು ತಿಂಗಳು ಹಣ ಕೊಡುತ್ತಿದ್ದರು. ಒಬ್ಬರಿಗೆ ಸಾಲದು, ಇನ್ನೊಬ್ಬರಿಗೆ ಹೆಚ್ಚಾಯಿತು ಎಂಬ ಮಾತು ಬರುವುದು ಸಹಜ. ಹಣವೋ ಕರಗುತ್ತಿತ್ತು. ಹೋರಾಟ ಇನ್ನೆಷ್ಟು ವರ್ಷವೋ ಯಾರಿಗೆ ಗೊತ್ತು? 1909ರ ಕೊನೆಗೆ ನಮ್ಮ ದೇಶದಿಂದ ರತನ್‌ಜಿ ಜಮ್‌ಶೇಟ್‌ಜಿ ಟಾಟಾ ಅವರು ಕಳಿಸಿದ 25,000 ರೂಪಾಯಿ ದೊಡ್ಡ ಆಸರೆಯಾಯಿತು. ಆದರೆ ಕುಳಿತು ತಿಂದರೆ ಕುಡಿಕೆ ಹೊನ್ನು ಎಷ್ಟು ದಿನ ಬಂದೀತು?

ಗಾಂಧೀಜಿ ಲೆಕ್ಕ ಹಾಕಿದರು. ಎಲ್ಲ ಕುಟುಂಬಗಳೂ ಒಂದೇ ಕಡೆ ಇದ್ದು, ಒಂದೇ ಒಲೆಯಲ್ಲಿ ಅಡಿಗೆಯಾಗಿ, ಎಲ್ಲರೂ ದುಡಿದರೆ ಖರ್ಚು ಇಳಿಯುತ್ತದೆ, ಜಗಳವೂ ತಪ್ಪುತ್ತದೆ. ಅದನ್ನು ಅವರು ಒಂದು ರೀತಿಯ ಸಹಕಾರಿ ರಾಜ್ಯ ಎಂದೇ ಕಂಡರು. ಜಮೀನು ಕೊಟ್ಟವರು ಹರ್ಮನ್ ಕಾಲೆನ್‌ಬಾಕ್ ಎಂಬ ಜರ್ಮನ್ ಯಹೂದಿ ಸ್ನೇಹಿತರು. ಇವರು ವಾಸ್ತುಶಿಲ್ಪಿ, ಚೆನ್ನಾಗಿ ಸಂಪಾದಿಸುತ್ತಿದ್ದ ಒಂಟಿ ಮನುಷ್ಯ. ಮನೆ ಬಾಡಿಗೆ ಬಿಟ್ಟು ತಮ್ಮೊಬ್ಬರಿಗೇ ತಿಂಗಳಿಗೆ 1,200 ರೂಪಾಯಿ ಖರ್ಚು ಮಾಡುತ್ತಿದ್ದರಂತೆ. ಗಾಂಧೀಜಿಯ ಸ್ನೇಹವಾದ ಮೇಲೆ ಅದನ್ನು 120 ರೂಪಾಯಿಗೆ ಇಳಿಸಿಕೊಂಡರು ಎಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗಮನಿಸಿ, ಹತ್ತರಲ್ಲಿ ಒಂದು ಪಾಲು. ಒಂಬತ್ತು ಪಾಲು ಯಾವುದಕ್ಕೆ ಹೋಗುತ್ತಿತ್ತು ಎಂದು ಅವರಿಗೇ ಆಶ್ಚರ್ಯವಾಗಿರಬೇಕು.

ಜಮೀನು ಸುಮಾರು 1,100 ಎಕರೆ. ಬಾಡಿಗೆಯಿಲ್ಲ. ಕಿತ್ತಳೆ, ಏಪ್ರಿಕಾಟ್, ಪ್ಲಮ್ ಎಲ್ಲ ಸೇರಿ ಸಾವಿರದಷ್ಟು ಹಣ್ಣಿನ ಮರ. ಎರಡು ಬಾವಿ, ಒಂದು ಸಣ್ಣ ಒರತೆ. ಒರತೆ ವಾಸದ ಜಾಗದಿಂದ ಸುಮಾರು 500 ಗಜ ದೂರ. ಅಡ್ಡೆಯ ಮೇಲೆ ನೀರು ಹೊತ್ತು ತರಬೇಕು. ಇದ್ದದ್ದು ಐದಾರು ಜನ ಇರಬಹುದಾದ ಒಂದು ಚಿಕ್ಕ ಮನೆ. ಉಳಿದವರು ಮೊದಲು ಡೇರೆಯಲ್ಲಿದ್ದರು. ಆಮೇಲೆ ತಗಡಿನ ಶೀಟು ಹೊದಿಸಿ ಹೆಂಗಸರಿಗೊಂದು, ಗಂಡಸರಿಗೊಂದು ಕಟ್ಟಡ, ಶಾಲೆ, ಬಡಗಿ ಕೆಲಸ ಮತ್ತು ಚಪ್ಪಲಿ ಕೆಲಸಕ್ಕೆ ಕೊಟ್ಟಿಗೆ ಎಬ್ಬಿಸಿದರು. ಗುಜರಾತಿನವರು, ತಮಿಳರು, ತೆಲುಗರು, ಉತ್ತರದವರು. ಹಿಂದೂಗಳು, ಮುಸಲ್ಮಾನರು, ಪಾರ್ಸಿಗಳು, ಕ್ರೈಸ್ತರು. ಎಲ್ಲ ಒಂದೇ ಪಂಕ್ತಿ, ಒಂದೇ ಊಟ.

ಊಟ ಏನು ಅಂತೀರಾ? ಬೆಳಿಗ್ಗೆ ಆರಕ್ಕೆ ಬ್ರೆಡ್ಡು, ಗೋಧಿ ಹುರಿದು ಪುಡಿಮಾಡಿದ ‘ಕಾಫಿ’. ಹನ್ನೊಂದಕ್ಕೆ ಅನ್ನ, ಬೇಳೆ, ತರಕಾರಿ. ಸಂಜೆ ಐದೂವರೆಗೆ ಗೋಧಿ ಗಂಜಿ ಹಾಲು, ಇಲ್ಲವೇ ಮತ್ತೆ ಬ್ರೆಡ್ಡು, ಕಾಫಿ. ಆಮೇಲೆ ಪ್ರಾರ್ಥನೆ, ಒಂಬತ್ತಕ್ಕೆ ಮಲಗುವುದು. ಮಂಚವಿಲ್ಲ, ಎಲ್ಲರೂ ನೆಲದ ಮೇಲೆ. ಅಡಿಗೆಯಿಂದ ಹಿಡಿದು ಕಕ್ಕಸು ಶುಚಿ ಮಾಡುವವರೆಗೆ ಆಳಿಲ್ಲ. ತಿಂದ ತಟ್ಟೆ ಅವರವರೇ ತೊಳೆಯಬೇಕು, ದೊಡ್ಡ ಪಾತ್ರೆಗಳನ್ನು ಸರದಿಯ ಪ್ರಕಾರ ತಂಡದವರು ತೊಳೆಯಬೇಕು. ಮುಸುರೆ ನೀರು ಗಿಡಮರಕ್ಕೆ, ಉಳಿದ ಕಸವೆಲ್ಲ ಗೊಬ್ಬರಕ್ಕೆ. ಮಲವನ್ನೂ ಮಣ್ಣಿನಲ್ಲಿ ಮುಚ್ಚಿ ಗೊಬ್ಬರ ಮಾಡುತ್ತಿದ್ದರು.

ಹಿಟ್ಟನ್ನು ಕಬ್ಬಿಣದ ಕೈಗಿರಣಿಯಲ್ಲಿ ತಾವೇ ಬೀಸುತ್ತಿದ್ದರು, ಹೊಟ್ಟು ತೆಗೆಯುತ್ತಿರಲಿಲ್ಲ. ಕಡಲೆಕಾಯಿ ಹುರಿದು ಅರೆದು ಬೆಣ್ಣೆಯ ಹಾಗೆ ಮಾಡಿ ಬ್ರೆಡ್ಡಿಗೆ ಹಚ್ಚುತ್ತಿದ್ದರು. ಅಂಗಡಿಯ ಬೆಣ್ಣೆ ಇದರ ನಾಲ್ಕು ಪಟ್ಟು ದುಬಾರಿ. ಕಿತ್ತಳೆ ತೋಟದಲ್ಲೇ ಇತ್ತಲ್ಲ, ಅದರ ಮುರಬ್ಬವೂ ಮನೆಯಲ್ಲೇ. ಚಪ್ಪಲಿ ಬೇಕು. ಕಾಲೆನ್‌ಬಾಕ್ ಮೇರಿಯನ್‌ಹಿಲ್ ಎಂಬಲ್ಲಿದ್ದ ಜರ್ಮನ್ ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು, ಗಾಂಧೀಜಿಯಿಂದ ಹುಡುಗರು ಕಲಿತರು. ಹೆಚ್ಚಾದದ್ದನ್ನು ಸ್ನೇಹಿತರಿಗೆ ಮಾರಿದರು. ಬ್ಯಾರಿಸ್ಟರ್ ಓದಿದವರು ಚರ್ಮದ ಕೆಲಸಕ್ಕೆ ಕೂತರು ಎಂಬುದನ್ನು ನಮ್ಮ ಊರುಗಳಲ್ಲಿ ಇವತ್ತಿಗೂ ಗಟ್ಟಿಯಾಗಿ ಹೇಳಬೇಕಾಗಿದೆ. ಕೈಕೆಲಸದಲ್ಲಿ ಮೇಲು ಕೀಳು ಹುಡುಕುವ ಊರು ಸ್ವಾವಲಂಬಿಯಾಗುವುದು ಸಾಧ್ಯವೇ ಇಲ್ಲ.

ನನಗೆ ಬಹಳ ಹಿಡಿಸಿದ ಇನ್ನೊಂದು ನಿಯಮ ಇದೆ. ಜೊಹಾನ್ಸ್‌ಬರ್ಗ್ ಅಲ್ಲಿಂದ 21 ಮೈಲಿ, ಅಂದರೆ ಸುಮಾರು 34 ಕಿಲೋಮೀಟರ್. ಚಿನ್ನದ ಗಣಿಯ ಊರು, ಝಗಝಗ ಎನ್ನುವ ಅಂಗಡಿಗಳು. ಫಾರ್ಮಿನ ಕೆಲಸಕ್ಕೆ ಹೋಗುವವರಿಗೆ ಮೂರನೇ ದರ್ಜೆಯ ರೈಲು. ಸ್ವಂತ ಖುಷಿಗೆ ಹೋಗುವವರು ನಡೆದೇ ಹೋಗಬೇಕು. ರಾತ್ರಿ ಎರಡು ಗಂಟೆಗೆ ಎದ್ದು ಹೊರಟರೆ ಆರು ಏಳು ಗಂಟೆಯಲ್ಲಿ ಮುಟ್ಟುತ್ತಿದ್ದರು; ಗಟ್ಟಿಗರೊಬ್ಬರು 4 ಗಂಟೆ 18 ನಿಮಿಷದಲ್ಲಿ ಮುಟ್ಟಿದ್ದೂ ಉಂಟು. ಜೊತೆಗೆ ಬುತ್ತಿ ಕಟ್ಟಿಕೊಂಡು ಹೋಗಬೇಕು, ಪೇಟೆಯಲ್ಲಿ ಕಾಸು ಬಿಚ್ಚುವ ಹಾಗಿಲ್ಲ. ಈ ನಿಯಮದ ಜಾಣತನ ನೋಡಿ. ಪೇಟೆಗೆ ಹೋಗಬೇಡ ಎಂದು ಯಾರೂ ತಡೆಯಲಿಲ್ಲ. ಅದರ ನಿಜವಾದ ಬೆಲೆಯನ್ನು ಕಾಲಿಗೆ ತೋರಿಸಿಕೊಟ್ಟರು, ಅಷ್ಟೆ. 21 ಮೈಲಿ ನಡೆಯುವಷ್ಟು ಅಗತ್ಯ ಇದೆಯಾ? ಹಾಗಾದರೆ ಹೋಗಿ ಬಾ. ಇಲ್ಲವಾ? ಹಾಗಾದರೆ ಅದು ಬೇಕಿರಲಿಲ್ಲ. ಇವತ್ತು ಮೊಬೈಲಿನ ಮೇಲೆ ಹೆಬ್ಬೆರಳು ಒತ್ತಿದರೆ ಪೇಟೆಯೇ ಮನೆ ಬಾಗಿಲಿಗೆ ಬರುತ್ತದೆ. ನಡೆಯುವ ಕಷ್ಟ ಹೋಯಿತು, ಒಳ್ಳೆಯದೇ. ಆದರೆ ನಡೆಯುವಾಗ ಸಿಗುತ್ತಿದ್ದ ಯೋಚನೆ ಮಾಡುವ ಹೊತ್ತೂ ಹೋಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಕಷ್ಟಪಟ್ಟದ್ದು ಪುಣ್ಯ ಸಂಪಾದನೆಗಾ? ಗಾಂಧೀಜಿಗೆ ಅದೂ ಇತ್ತು ಎನ್ನೋಣ. ಆದರೆ ಅಲ್ಲಿದ್ದ ಸಾಮಾನ್ಯ ಜನಕ್ಕೆ ಇದರಿಂದ ಆದದ್ದೇನು? ಖರ್ಚು ಇಳಿದದ್ದರಿಂದ ಹೋರಾಟ ಉಳಿಯಿತು. ಮನೆಯವರು ಫಾರ್ಮಿನಲ್ಲಿ ಕ್ಷೇಮವಾಗಿದ್ದಾರೆ ಎಂಬ ಧೈರ್ಯವಿದ್ದವನನ್ನು ಜೈಲು ಹೆದರಿಸಲಿಲ್ಲ. ಫಾರ್ಮಿನಲ್ಲಿ ನೆಲದ ಮೇಲೆ ಮಲಗಿ, ಒರಟು ಬಟ್ಟೆ ತೊಟ್ಟು, ಮೂರು ಹೊತ್ತು ಸಾದಾ ಊಟ ಮಾಡಿ ರೂಢಿಯಾದವನಿಗೆ ಸರ್ಕಾರ ಕಿತ್ತುಕೊಳ್ಳುವುದಕ್ಕೆ ಏನು ಉಳಿದಿತ್ತು ಹೇಳಿ? ಬೇಕುಗಳು ಕಡಿಮೆಯಾದ ಹಾಗೆಲ್ಲ ‘ಆಗೋದಿಲ್ಲ’ ಎನ್ನುವ ಶಕ್ತಿ ಬೆಳೆಯಿತು. ಸರಳ ಜೀವನದ ನಿಜವಾದ ಲಾಭ ಇದು.

1913ರ ಆರಂಭದಲ್ಲಿ ಅಲ್ಲಿನವರು ಫೀನಿಕ್ಸಿಗೆ ಹೋದರು. ಅದೇ ವರ್ಷದ ನವೆಂಬರ್ 6ರಂದು ಗಾಂಧೀಜಿ 2,037 ಗಂಡಸರು, 127 ಹೆಂಗಸರು, 57 ಮಕ್ಕಳನ್ನು ಕರೆದುಕೊಂಡು ಗಡಿ ದಾಟಿ ಹೊರಟರಲ್ಲ, ಆ ಮೆರವಣಿಗೆ ಟಾಲ್‌ಸ್ಟಾಯ್ ಫಾರ್ಮನ್ನು ಮುಟ್ಟಬೇಕು ಎಂದೇ ಗುರಿ ಇಟ್ಟುಕೊಂಡಿತ್ತು. ದಿನಕ್ಕೆ ತಲೆಗೆ ಒಂದೂವರೆ ಪೌಂಡ್ ಬ್ರೆಡ್ಡು, ಒಂದು ಔನ್ಸ್ ಸಕ್ಕರೆ, ಇಷ್ಟೇ ಪಡಿ. ಸರ್ಕಾರ ದಾರಿಯಲ್ಲೇ ತಡೆದು ರೈಲಿನಲ್ಲಿ ವಾಪಸ್ಸು ಕಳಿಸಿತು. ಆದರೆ ಮಾರನೆಯ ವರ್ಷ, 1914ರಲ್ಲಿ, ಕರಾರಿನ ಕೂಲಿ ಮುಗಿಸಿದವರ ಮೇಲಿದ್ದ ಮೂರು ಪೌಂಡಿನ ತಲೆಗಂದಾಯವನ್ನು ಅದೇ ಸರ್ಕಾರ ರದ್ದು ಮಾಡಿತು, ಭಾರತೀಯರ ಮದುವೆಗಳಿಗೆ ಮಾನ್ಯತೆ ಕೊಟ್ಟಿತು. ಗಾಂಧೀಜಿ ಅಲ್ಲಿಂದ ಹೊರಡುವಾಗ ತಾವು ಹೊಲಿದ ಒಂದು ಜೊತೆ ಚಪ್ಪಲಿಯನ್ನು ಜನರಲ್ ಸ್ಮಟ್ಸ್ ಅವರಿಗೆ, ಅಂದರೆ ತಮ್ಮನ್ನು ಜೈಲಿಗೆ ಹಾಕಿದವರಿಗೇ, ಕೊಟ್ಟುಬಂದರು. ಸ್ಮಟ್ಸ್ ಎಷ್ಟೋ ಬೇಸಿಗೆ ಅದನ್ನು ಮೆಟ್ಟಿ, 1939ರಲ್ಲಿ ಗಾಂಧೀಜಿಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಗೌರವದಿಂದ ಹಿಂದಿರುಗಿಸಿದರು.

ಇದನ್ನು ಕೇಳಿ, “ಅವರು ಗಾಂಧಿ, ನಾವು ಸಂಸಾರಸ್ಥರು” ಅನ್ನಬಹುದು. ಅದಕ್ಕೇ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಟಾಲ್‌ಸ್ಟಾಯ್ ಫಾರ್ಮ್ ಕೂಡ ನೂರಕ್ಕೆ ನೂರು ಸ್ವಾವಲಂಬಿ ಆಗಿರಲಿಲ್ಲ. ಜಮೀನು ಸ್ನೇಹಿತರದ್ದು, ಹಣ ದಾನಿಗಳದ್ದು, ತಗಡು ಕಾರ್ಖಾನೆಯದ್ದು. ಅದು ನಡೆದದ್ದೂ ಎರಡೂವರೆ ವರ್ಷ ಮಾತ್ರ. ಯಾರ ಹಂಗೂ ಇಲ್ಲದೆ ಬದುಕುತ್ತೇನೆ ಎನ್ನುವ ಮನುಷ್ಯ ಭೂಮಿಯ ಮೇಲೆ ಇಲ್ಲ. ಯಾರ ಹಂಗಿನಲ್ಲಿ ಇರಬೇಕು ಎಂಬುದನ್ನು ನಾವು ಆರಿಸಿಕೊಳ್ಳಬಹುದು. ನೆರೆಯವನ ಹಂಗು ಮುಯ್ಯಾಳಿನಲ್ಲಿ ತೀರುತ್ತದೆ. ನಿನ್ನ ಹೊಲದ ಕಳೆಗೆ ನಾನು ಬಂದೆ, ನನ್ನ ಹೊಲದ ಕುಯ್ಲಿಗೆ ನೀನು ಬಾ. ಮುಖ ನೋಡದ, ಹೆಸರು ಗೊತ್ತಿಲ್ಲದ ಸಾಲದ ಕಂಪನಿಯ ಹಂಗು ಹಾಗೆ ತೀರುವುದಿಲ್ಲ. ಸಹಕಾರ ಸಂಘ ಎಂದರೆ ಮುಯ್ಯಾಳನ್ನೇ ಲೆಕ್ಕದ ಪುಸ್ತಕಕ್ಕೆ ಏರಿಸಿದ್ದು ಎಂದು ನನ್ನ ತಿಳುವಳಿಕೆ.

ಈಗ ನಮ್ಮ ಊರಿನ ಲೆಕ್ಕ ನೋಡೋಣ. ಸಂಘದಲ್ಲಿ ಬೆಳೆ ಸಾಲ ಬಡ್ಡಿಯಿಲ್ಲದೆ ಸಿಗುತ್ತದೆ. ಹಾಗಿದ್ದರೂ ರೈತನಿಗೆ ಉಸಿರು ಕಟ್ಟುತ್ತಿರುವುದು ಯಾತರಿಂದ? ಬೈಕಿನ ಕಂತು, ಟಿವಿಯ ಕಂತು, ಮೊಬೈಲಿನ ಕಂತು, ಮದುವೆಗೆ ತಂದ ಕೈಸಾಲ, ಅಡವಿಟ್ಟ ಒಡವೆಯ ಬಡ್ಡಿ. ಕಂತಿನ ತಾರೀಖು ತಿಂಗಳು ತಿಂಗಳು ಬರುತ್ತದೆ, ರಾಗಿ ವರ್ಷಕ್ಕೊಂದು ಸಲ ಬರುತ್ತದೆ. ಒಕ್ಕಣೆ ಮುಗಿಯುವ ಮುಂಚೆಯೇ ದಲ್ಲಾಳಿ ಕಣಕ್ಕೆ ಬಂದು ನಿಂತಿರುತ್ತಾನೆ. ಎರಡು ತಿಂಗಳು ಕಾದರೆ ಒಳ್ಳೆಯ ಬೆಲೆ ಬರಬಹುದು ಎಂದು ನಮಗೂ ಗೊತ್ತು, ಅವನಿಗೂ ಗೊತ್ತು. ಆದರೆ ಕಾಯುವುದಕ್ಕೆ ನಮ್ಮ ಕೈಲಿ ಆಗುವುದಿಲ್ಲ ಎಂಬುದೂ ಅವನಿಗೆ ಗೊತ್ತು. ಅಂದರೆ ನಮ್ಮ ರಾಗಿಯ ಬೆಲೆಯನ್ನು ನಿರ್ಧಾರ ಮಾಡುತ್ತಿರುವುದು ಪೇಟೆಯೊಂದೇ ಅಲ್ಲ ಸ್ವಾಮೀ, ನಮ್ಮ ಮನೆ ಮೂಲೆಯಲ್ಲಿ ಕೂತಿರುವ ಕಂತಿನ ಸಾಮಾನು ಕೂಡ. ಹಿಂದೆ ಹಗೇವಿನಲ್ಲಿ ರಾಗಿ ತುಂಬಿ ಮುಚ್ಚಿಟ್ಟವನು ‘ಈಗ ಕೊಡೋದಿಲ್ಲ, ಹೋಗಿ ಬಾ’ ಎನ್ನುತ್ತಿದ್ದ. ಆ ಒಂದು ಮಾತಿನ ತಾಕತ್ತನ್ನು ನಾವು ಯಾವ ಅಂಗಡಿಯಲ್ಲಿ ಕೊಟ್ಟು ಬಂದೆವು?

ಹಾಗಂತ ವಿದ್ಯುತ್ ದೀಪ ಬೇಡ, ಆಸ್ಪತ್ರೆ ಬೇಡ, ಮಕ್ಕಳ ಓದು ಬೇಡ ಎಂದು ನಾನು ಹೇಳಲಾರೆ. ತಾಯಂದಿರು ಕೂತಿದ್ದಾರೆ, ಅವರ ಮುಂದೆ ಒಂದು ವಿಷಯ ಹೇಳಲೇಬೇಕು. ಹಳೆಯ ಕಾಲದ ಸರಳ ಜೀವನ ಚೆನ್ನಾಗಿತ್ತು ಎಂದು ಹೊಗಳುವವರು ಹೆಚ್ಚಾಗಿ ಗಂಡಸರು. ಕೋಳಿ ಕೂಗುವ ಹೊತ್ತಿಗೆ ಎದ್ದು ರಾಗಿಕಲ್ಲು ಬೀಸಿದವರು, ದೂರದಿಂದ ನೀರು ಹೊತ್ತವರು, ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡವರು ಹೆಂಗಸರು. ಮಿಲ್ಲು ಬಂದದ್ದು, ನಲ್ಲಿ ಬಂದದ್ದು, ಗ್ಯಾಸಿನ ಒಲೆ ಬಂದದ್ದು ಅವರ ಪಾಲಿಗೆ ಬಿಡುಗಡೆ. ಗಂಡಸರು ಅರಳಿಕಟ್ಟೆಯ ಮೇಲೆ ಸರಳತೆಯ ಮಾತಾಡುತ್ತಾ ಕೂತು, ಮನೆಯೊಳಗಿನ ಕೆಲಸ ಹೆಣ್ಣುಮಕ್ಕಳ ಬೆನ್ನಿಗೆ ಬೀಳುವುದಾದರೆ ಅಂಥ ಸರಳತೆ ಬೇಡವೇ ಬೇಡ. ಫಾರ್ಮಿನಲ್ಲಿ ಬ್ಯಾರಿಸ್ಟರೂ ತನ್ನ ತಟ್ಟೆ ತಾನೇ ತೊಳೆದರು ಎಂಬುದನ್ನು ನಾವು ಗಂಡಸರು ಮನೆಗೆ ಹೋದ ಮೇಲೂ ನೆನಪಿಟ್ಟುಕೊಳ್ಳಬೇಕು.

ಒಂದು ವಸ್ತು ಮನೆಗೆ ಬರುವ ಮುಂಚೆ ಕೇಳಬೇಕಾದ ಪ್ರಶ್ನೆ ಸುಲಭದ್ದು: ಇದು ಬಂದರೆ ನಮ್ಮ ಕೈ ಬಿಡುವಾಗುತ್ತದೋ, ಕಟ್ಟಿಹೋಗುತ್ತದೋ? ನೀರಿನ ಮೋಟಾರು ಕೈ ಬಿಡಿಸುತ್ತದೆ. ಪಕ್ಕದ ಮನೆಯವರು ತಂದರು ಅಂತ ತಂದ ಎರಡನೆಯ ಬೈಕು ಕೈ ಕಟ್ಟುತ್ತದೆ. ಮಗಳ ಓದಿನ ಸಾಲ ಕೈ ಬಿಡಿಸುತ್ತದೆ. ಮೂರು ದಿನದ ಮದುವೆಗೆ ಹತ್ತು ವರ್ಷ ತೀರದ ಸಾಲ ಆ ಮಗಳ ಕೈಯನ್ನೂ ಕಟ್ಟುತ್ತದೆ.

ಬೆಳ್ಳಿಹಬ್ಬದ ನೆನಪಿಗೆ ಸಂಘದ ಮುಂದೆ ಮೂರು ಸಲಹೆ ಇಡುತ್ತೇನೆ. ಆಡಳಿತ ಮಂಡಳಿಯವರು ಚರ್ಚೆ ಮಾಡಿ, ಸರಿ ಕಂಡರೆ ಕೈಗೆತ್ತಿಕೊಳ್ಳಲಿ.

ಮೊದಲನೆಯದು, ಪ್ರತಿ ಸದಸ್ಯರ ಮನೆಗೂ ಒಂದು ಮನೆಲೆಕ್ಕದ ಪುಸ್ತಕ. ಸಂಘಕ್ಕೆ ವರ್ಷ ವರ್ಷ ಆಡಿಟ್ ಆಗುತ್ತದೆ, ನಮ್ಮ ಮನೆಗೆ ಆಗುವುದಿಲ್ಲ. ಓದುವ ಮಕ್ಕಳ ಕೈಲೇ ಬರೆಸಿ. ಒಂದು ವರ್ಷ ಬರೆದರೆ ಸಾಕು, ಕಾಲೆನ್‌ಬಾಕರ ಹಾಗೆ ನಮ್ಮ ಹಣವೂ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾಗುತ್ತದೆ.

ಎರಡನೆಯದು, ಬೀಜ. ಅಂಗಡಿಯ ಹೈಬ್ರಿಡ್ ಬೀಜವನ್ನು ವರ್ಷ ವರ್ಷ ಹೊಸದಾಗಿ ಕೊಳ್ಳಬೇಕು. ಅದರ ಬೆಳೆಯಿಂದ ಬೀಜ ಎತ್ತಿಟ್ಟು ಬಿತ್ತಿದರೆ ಮೊದಲಿನ ಇಳುವರಿ ಬರುವುದಿಲ್ಲ. ನಮ್ಮ ರಾಗಿ, ಅವರೆ, ಹುರುಳಿ, ಹುಚ್ಚೆಳ್ಳು ಹಾಗಲ್ಲ. ಒಳ್ಳೆಯ ತೆನೆ ಆರಿಸಿ, ಒಣಗಿಸಿ, ಬೂದಿಯಲ್ಲೋ ಬೇವಿನ ಸೊಪ್ಪಿನಲ್ಲೋ ಇಟ್ಟರೆ ಮುಂದಿನ ವರ್ಷಕ್ಕೆ ಬೀಜ ರೆಡಿ. ಸಂಘದ ಗೋದಾಮಿನ ಒಂದು ಮೂಲೆಯಲ್ಲಿ ಬೀಜದ ಕಣಜ ಇಡೋಣ. ಒಂದು ಸೇರು ಒಯ್ದವನು ಸುಗ್ಗಿಯಲ್ಲಿ ಒಂದೂಕಾಲು ಸೇರು ತಂದು ಅಳೆಯಲಿ. ರೂಪಾಯಿಯ ಮಾತೇ ಇಲ್ಲದ ಸಾಲ ಇದು. ಯಾವ ಬೀಜ ಎಲ್ಲಿ ಚೆನ್ನಾಗಿ ಬರುತ್ತದೆ ಎಂಬುದು ನಮ್ಮ ಅಜ್ಜಿಯರಿಗೆ ಗೊತ್ತು. ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳೋಣ.

ಮೂರನೆಯದು, ವರ್ಷಕ್ಕೆ ನಾಲ್ಕು ದಿನ ಬೇಕಾಗುವ ವಸ್ತುವನ್ನು ಮನೆಗೊಂದು ಕೊಳ್ಳುವುದು ಬಿಟ್ಟು ಊರಿಗೊಂದು ಇಟ್ಟುಕೊಳ್ಳುವುದು. ಔಷಧಿ ಹೊಡೆಯುವ ಯಂತ್ರ, ಟಾರ್ಪಾಲು, ಏಣಿ, ಮದುವೆಯ ದೊಡ್ಡ ಪಾತ್ರೆ, ಶಾಮಿಯಾನ. ಇವನ್ನೆಲ್ಲ ಸಂಘವೇ ಕೊಂಡು ಕಡಿಮೆ ಬಾಡಿಗೆಗೆ ಕೊಡಲಿ. ಊರ ಪಾತ್ರೆಯಲ್ಲಿ ಊರವರೇ ಅಡಿಗೆ ಮಾಡಿದ ಮದುವೆ ಬಡವರ ಮದುವೆ ಎಂಬ ಭಾವನೆ ಹೋಗಬೇಕು. ಅದಕ್ಕೆ ಮೊದಲು ನಿರ್ದೇಶಕರ ಮನೆಯ ಮದುವೆಯೇ ಹಾಗೆ ನಡೆಯಬೇಕು! (ನಗು) ನಗುವ ಮಾತಲ್ಲ ಸ್ವಾಮೀ, ಉಳ್ಳವರು ಸರಳವಾಗಿ ಮಾಡಿದರೆ ಇಲ್ಲದವರು ಸಾಲ ಮಾಡುವುದು ತಪ್ಪುತ್ತದೆ. ಊರಿನ ಬಡವನಿಗೆ ಶ್ರೀಮಂತ ಮಾಡಬಹುದಾದ ದೊಡ್ಡ ಉಪಕಾರ ಇದು. ಇದಕ್ಕೆ ಕಾಸೂ ಖರ್ಚಿಲ್ಲ.

ಯುವಕ ಮಿತ್ರರಿಗೆ ಒಂದೇ ಮಾತು. ನೀವು ಬೆಂಗಳೂರಿಗೆ ಹೋಗಬೇಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಅಲ್ಲಿಯ ಸಂಬಳದ ಜೊತೆಗೆ ಅಲ್ಲಿಯ ಬಾಡಿಗೆ, ನೀರು, ಓಡಾಟ, ಕಂತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಪಕ್ಕದ ಹಾಳೆಯಲ್ಲಿ ಇಲ್ಲಿಯ ಎರಡು ಎಕರೆ, ಎರಡು ಹಸು, ಹಿತ್ತಲಿನ ತರಕಾರಿ, ಸ್ವಂತ ಸೂರು ಬರೆಯಿರಿ. ಎರಡರಲ್ಲೂ ಕೊನೆಗೆ ಕೈಲಿ ಉಳಿಯುವುದೆಷ್ಟು, ಮೈಲಿ ಉಳಿಯುವುದೆಷ್ಟು ನೋಡಿ. ಲೆಕ್ಕ ಹಾಕಿದ ಮೇಲೆ ಹೋದರೂ ಸರಿ, ಉಳಿದರೂ ಸರಿ. ಲೆಕ್ಕ ಹಾಕದೆ ಹೋಗಬೇಡಿ, ಅಷ್ಟೇ ನನ್ನ ಕೋರಿಕೆ. ಉಳಿದವರ ಬೆನ್ನಿಗೆ ಈ ಸಂಘ ನಿಲ್ಲಬೇಕು.

ಕಣಗಿನಹಾಳದ ರೈತರು ಸೇರಿ ಹಣ ಹಾಕಿದರು. ಟಾಲ್‌ಸ್ಟಾಯ್ ಫಾರ್ಮಿನ ಜನ ಸೇರಿ ಬೇಕುಗಳನ್ನು ಕಡಿಮೆ ಮಾಡಿಕೊಂಡರು. ನಮಗೆ ಎರಡೂ ಬೇಕು. ಹಣ ಕೂಡಿಸುವುದನ್ನು ನಮ್ಮ ಸಂಘ ಇಪ್ಪತ್ತೈದು ವರ್ಷದಲ್ಲಿ ಚೆನ್ನಾಗಿ ಕಲಿತಿದೆ. ಬೇಕು ಕಳೆಯುವುದನ್ನು ಮುಂದಿನ ಇಪ್ಪತ್ತೈದು ವರ್ಷದಲ್ಲಿ ಕಲಿಯೋಣ. ಕೂಡಿಸುವುದೂ ಕಳೆಯುವುದೂ ಎರಡೂ ಬಂದರೆ ತಾನೇ ಲೆಕ್ಕ ಬಂತು ಎನ್ನುವುದು?

ಊಟದ ಹೊತ್ತಾಯಿತು, ಅಡಿಗೆ ಮನೆಯಿಂದ ಹುಳಿಯ ವಾಸನೆ ನನ್ನ ಮಾತಿಗಿಂತ ಜೋರಾಗಿ ಕರೆಯುತ್ತಿದೆ. 

ಜೈ ಹಿಂದ್. ಜೈ ಕರ್ನಾಟಕ. ಸಹಕಾರ ಚಳುವಳಿಗೆ ಜಯವಾಗಲಿ.